ಆಟೋ ತೆಗೆಸುವ ಗಾದೆಮ್ಮ

ನಮ್ಮೂರಿಗೆ ಕುಡಿಯುವ ನೀರು ಬಿಡುವ ನೀರುಗಂಟಿ ಗಾದೆಮ್ಮನನ್ನು ಬೆನ್ನ ಹಿಂದೆ ಎಲ್ಲರೂ ‘ಆಟೋ ಗಾದೆಮ್ಮ’ ಎನ್ನುತ್ತಾರೆ. ಕರೆಂಟ್ ಹೋದರೆ ಸಾಕು, ಹೊಲದ ಬದುವಿನ ಮೇಲೆ ಕೂಗುತ್ತಾ ಹೊರಡುತ್ತಾರೆ: “ಆಟೋ ತಗೀರಪ್ಪೋ, ಆಟೋ!”

ಸ್ಟಾರ್ಟರನ್ನು ಆಟೋಗೆ ಹಾಕಿಟ್ಟರೆ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ತಿರುಗುತ್ತದೆ. ಹೊಲದವರಿಗೆ ಮನೆಯಲ್ಲಿ ಕೂರುವ ಸುಖ. ಆದರೆ ಎಲ್ಲರ ಮೋಟರೂ ಒಮ್ಮೆಗೇ ಎದ್ದರೆ, ಊರವರು ‘ಟೀಸಿ’ ಎನ್ನುವ ಹಳೆಯ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ನಾಲ್ಕು ಬಲ್ಬಿಗೆಂದು ಎಂದೋ ಎಳೆದ ತಂತಿ ಈಗ ಊರ ಬೋರುಗಳನ್ನೆಲ್ಲ ಹೊತ್ತಿದೆ. ಟೀಸಿ ಸುಟ್ಟಾಗಲೆಲ್ಲ ರಿಪೇರಿ ಮಾಡಿದ ಇನ್ನೊಂದು ಹಳೆಯದು ಬರುತ್ತದೆ. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ, ಆಟೋ ಮಾತ್ರ ತೆಗೆಯುವುದಿಲ್ಲ.

ಗಂಡ ಹುಲುಗಣ್ಣ ತೀರಿಕೊಂಡ ಮೇಲೆ ಈ ಕೆಲಸ ಅವರಿಗೆ ಬಂತು. ಕರೆಂಟ್ ಯಾವಾಗ ಬರುತ್ತದೋ ಎಂದು ಮದುವೆ, ಸಂತೆ ಎಲ್ಲ ಬಿಟ್ಟರು. ಒಬ್ಬಳೇ ಮಗಳು ಪ್ರಿಯಾಳನ್ನು ಹರಪನಹಳ್ಳಿಗೆ ಕೊಟ್ಟ ಮೇಲಂತೂ ಊಟವೂ ಮೋಟರ್ ಮನೆಯಲ್ಲೇ, ಒಬ್ಬರೇ.

ಈ ಬೇಸಿಗೆಯಲ್ಲಿ ಗಂಡನ ಮನೆಯಲ್ಲಿ ಬಸುರಿ ಪ್ರಿಯಾಳ ಕುಬಸ, ಅಂದರೆ ಸೀಮಂತ. ಅದು ಮುಗಿದ ಮೇಲೆ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕೆಂದು ಒಳಕೋಣೆಗೆ ಸುಣ್ಣ ಬಳಿದು ಕಾದಿದ್ದರು.

ಹೊರಡುವ ದಿನ ಬೆಳಿಗ್ಗೆಯೇ ಕರೆಂಟಿಲ್ಲ.

“ಅತ್ತಿ, ಮೋಟರ್ ನಾ ನೋಡ್ಕಂತೀನಿ, ನೀವು ಹೋಗ್ರಿ” ಎಂದೆ ಪಕ್ಕದ ಮನೆಯ ನಾನು, ಮಗುವನ್ನು ಎತ್ತಿಕೊಂಡೇ.

“ಕೂಸಿನ್ನ ಬಗಲಾಗಿಟ್ಕಂಡು ಸ್ಟಾರ್ಟರ್ ಮುಟ್ತಿಯೇನು? ಸುಮ್ನಿರವ್ವ. ಇವತ್ತೊಂದಿನ ನಂದೂ ಆಟೋ!” ಎಂದು ನಕ್ಕು, ಹಸಿರು ಸೀರೆಯ ಚೀಲ ಹಿಡಿದು ಬಸ್ ಹತ್ತಿದರು.

ಬದುವಿನ ಮೇಲೆ ಕೂಗುವವರು ಅಂದು ಯಾರೂ ಇರಲಿಲ್ಲ. ಮಧ್ಯಾಹ್ನ ಕರೆಂಟ್ ಬಂತು. ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೇ ಗುಂಯ್ ಎಂದವು. ಆಮೇಲೆ ಢಮ್ ಎಂಬ ಸದ್ದು. ಮಗು ಬೆಚ್ಚಿ ಅತ್ತಿತು. ಹೊರಬಂದು ನೋಡಿದರೆ ಟ್ರಾನ್ಸ್‌ಫಾರ್ಮರಿನಿಂದ ಎಣ್ಣೆ ಸುರಿಯುತ್ತಿತ್ತು.

ನಾನು ಫೋನ್ ಮಾಡಲಿಲ್ಲ. ಮಾಡಿದವನು ಬೆನಕಪ್ಪ, ಒಂದು ದಿನವೂ ತನ್ನ ಆಟೋ ತೆಗೆಯದವನು. “ಎಲ್ಲಿ ಅದೀ ಬೇ ಗಾದೆಮ್ಮ? ಟೀಸಿ ಸುಟ್ಟೈತಿ. ಇನ್ನ ವಾರ ನೀರಿಲ್ಲ ನೋಡು!” ಅವನ ದನಿ ಅಲ್ಲಿ ಅತ್ತಿಯ ಪಕ್ಕದಲ್ಲಿ ಕೂತ ಬೀಗತಿಗೂ ಕೇಳಿಸಿತಂತೆ.

“ನೀರಿಲ್ಲ, ಕರೆಂಟಿಲ್ಲ. ಬಸುರಿ ಹುಡುಗಿನ್ನ ಹೆಂಗ ಇಟ್ಕಂತೀರಿ? ಇಲ್ಲೇ ಇರ್ಲಿ ಬಿಡ್ರಿ” ಎಂದರಂತೆ ಆಕೆ, ಒಳ್ಳೆಯ ಮಾತಿನಲ್ಲೇ.

ಸಂಜೆ ಬಸ್ಸಿನಿಂದ ಗಾದೆಮ್ಮತ್ತಿ ಒಬ್ಬರೇ ಇಳಿದರು. ಕೈಪಂಪಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು, “ಬಂದ್ಲು ನೋಡ್ರಿ ಆಟೋ ತಗಸಾಕಿ” ಎಂದಳು.

“ನಂದೂ ಆಟೋದಾಗ ಇತ್ತವ್ವ” ಎಂದಷ್ಟೇ ಹೇಳಿ ಮನೆಗೆ ನಡೆದರು.

ನಾನು ಒಂದು ಕೊಡ ನೀರು ಒಯ್ದು ಅವರ ಕಟ್ಟೆಯ ಮೇಲಿಟ್ಟೆ. ಅಷ್ಟರಲ್ಲಿ ಪ್ರಿಯಾಳ ಫೋನ್ ಬಂತು.

“ಹ್ಞೂ… ಅಳಬ್ಯಾಡ. ಅಲ್ಲೇ ಆರಾಮ ಇರು. ಅಲ್ಲಿ ಫ್ಯಾನರ ತಿರುಗ್ತೈತಿ.”

ಮಾತು ಮುಗಿದ ಮೇಲೆ, ಚಾರ್ಜ್ ಎಷ್ಟು ಉಳಿದಿದೆ ಎಂದು ನನಗೆ ತೋರಿಸಿ ಕೇಳಿದರು. ಸ್ವಲ್ಪವೇ ಇತ್ತು. “ನಾಳೆ ಮಗಳ ಜೊತಿ ಮಾತಾಡಾಕ ಬೇಕು” ಎಂದು ಫೋನ್ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡರು.