ನಡುಮನೆಯ ಪಾರ್ಕಿಂಗ್ ಟೈಲ್ಸ್

ನ್ಯಾಮತಿಯ ನಮ್ಮ ಮನೆಯ ನೆಲ ಒಂದೇ ಕಾಲದ್ದಾಗಿರಲಿಲ್ಲ. ಅಡುಗೆಮನೆಯದು ಮಾವನವರ ಅಪ್ಪನ ಕಾಲದ ಕೆಂಪು ಗಾರೆ. ನಡುಮನೆಗೆ ಮಾವನವರು ಕಡಪ ಕಲ್ಲು ಹಾಕಿಸಿದ್ದರು. ಹಿಂದಿನ ಪಡಸಾಲೆಗೆ ನನ್ನ ಗಂಡ, ಮದುವೆಗೆ ಮೊದಲು, ಯಾರದೋ ಮಾತು ಕೇಳಿ ಮೊಸಾಯಿಕ್ ಹಾಕಿಸಿದ್ದರು. ಬಚ್ಚಲಿಗೆ ಒರಟು ಶಹಾಬಾದ್ ಕಲ್ಲು. ಒಂದರಿಂದ ಇನ್ನೊಂದಕ್ಕೆ ಹೋಗುವಲ್ಲೆಲ್ಲ ಒಂದು ಬೆರಳೋ ಎರಡು ಬೆರಳೋ ಏರುತಗ್ಗು. ಈ ನೆಲವನ್ನು ನಾನು ಇಪ್ಪತ್ತಾರು ವರ್ಷ ಒರೆಸಿದ್ದೇನೆ. ಯಾವ ಸಂದಿಯಲ್ಲಿ ಯಾವ ಹಬ್ಬದ ಕೊಳೆ ಕೂತಿದೆ ಎಂದು ಕೇಳಿದರೆ ಹೇಳಬಲ್ಲೆ. ಮೊಸಾಯಿಕ್ಕಿನಲ್ಲಿ ಒಂದು ಬಿಳಿ ಚೂರು ಗುಂಡಗೆ, ಗುಳಿಗೆಯ ಹಾಗೆ ಕಾಣುತ್ತಿತ್ತು. ಬಂದ ನೆಂಟರೆಲ್ಲ ಬಗ್ಗಿ ಅದನ್ನು ಹೆಕ್ಕಲು ಹೋಗುತ್ತಿದ್ದರು.

ಅತ್ತೆಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತೆಗೆದುಕೊಂಡು ಹನ್ನೊಂದು ವರ್ಷವಾಯಿತು. ಆದರೆ ಮನೆಗೆ ಬಂದವರಿಗೆ ಇದನ್ನು ನಾವೇ ಹೇಳಬೇಕಿತ್ತು. ನಡುಮನೆಯ ಮಂಚದಿಂದ ಅಡುಗೆಮನೆಗೆ, ಬಚ್ಚಲಿಗೆ, ಜಗಲಿಗೆ ಅವರು ಗೋಡೆ ಮುಟ್ಟದೆ ಓಡಾಡುತ್ತಿದ್ದರು. ಆಸ್ಪತ್ರೆಯವರು ಕೊಟ್ಟ ಬಿಳಿ ಕೋಲು ಮಲ್ಲಿಗೆ ಬಳ್ಳಿಗೆ ಆಸರೆಯಾಗಿ ಹಿತ್ತಲಲ್ಲಿ ನಿಂತಿದೆ. ಕಣ್ಣು ಹೋದ ಹೊಸದರಲ್ಲಿ ಒಮ್ಮೆ ನಾನು ಅವರ ರಟ್ಟೆ ಹಿಡಿದುಕೊಂಡೆ. ಕೊಡವಿ ಬಿಡಿಸಿಕೊಂಡರು. “ನಾನೇನು ಬೀಳಾಕೆ ನಿಂತೀನೇನವ್ವ?” ಎಂದರು. ಆಮೇಲೆ ನಾನು ಆ ಕೆಲಸಕ್ಕೆ ಹೋಗಲಿಲ್ಲ. ತಮ್ಮ ಮನೆಯಲ್ಲಿ ತಾವೇ ನಡೆಯುವುದು ಬಿಟ್ಟರೆ ಅವರಿಗೆ ಬೇರೆ ಯಾವ ಜಂಬವೂ ಉಳಿದಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನದೆಲ್ಲ ಮಾಡಿದೆ.

ಚನ್ನಗಿರಿಯಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದ್ದಳು. ಬಾಗಿಲಿನಿಂದ ಹಿತ್ತಲವರೆಗೆ ಒಂದೇ ಬಣ್ಣದ, ಎರಡಡಿಗೆ ನಾಲ್ಕಡಿಯ ಹೊಳೆಯುವ ಟೈಲ್ಸ್. “ಒಂದ್ಸಲ ಒರೆಸಿದ್ರೆ ಸಾಕಕ್ಕ, ಮುಖ ಕಾಣ್ತೈತೆ” ಎಂದಳು. ಬಗ್ಗಿ ನೋಡಿದೆ. ಕಂಡ ಮುಖ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಆ ನೆಲ ನನಗೆ ಬೇಕು ಅನ್ನಿಸಿತು. ಮನೆಗೆ ಬಂದು ಗಂಡನಿಗೆ ಹೇಳಿದೆ. “ಆತು” ಎಂದರು. ಅವರು ಎಲ್ಲಕ್ಕೂ ಮೊದಲು ಆತು ಅನ್ನುತ್ತಾರೆ, ಆಮೇಲೆ ಏನು ಎಂದು ಕೇಳುತ್ತಾರೆ.

ಹೊನ್ನಾಳಿಯ ಅಂಗಡಿಗೆ ನಾನು, ಗಂಡ, ಸಲಹೆಗೆಂದು ತಂಗಿ, ಮೂವರೂ ಹೋದೆವು. ಅತ್ತೆಯನ್ನು ಕರೆಯೋಣವೇ ಎಂದು ಗಂಡ ಕೇಳಿದರು. “ಕಣ್ಣು ಕಾಣದೇ ಇರೋರಿಗೆ ಟೈಲ್ಸ್ ಅಂಗಡೀಲಿ ಏನು ಕೆಲಸ?” ಎಂದೆ. ಈ ಮಾತು ನನ್ನದೇ. ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲವಾದ್ದರಿಂದ ಬರೆದಿಟ್ಟಿದ್ದೇನೆ.

ಅಂಗಡಿಯಲ್ಲಿ ಟೈಲ್ಸ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಮೇಲೂ ದೀಪ ಬಿಟ್ಟಿದ್ದರು. ಬಿಳಿಯಲ್ಲೇ ಹನ್ನೆರಡು ಬಗೆ, ಒಂದೊಂದಕ್ಕೂ ಇಟಲಿಯ ಯಾವುದೋ ಊರಿನ ಹೆಸರು. ಅಂಗಡಿಯವರು ಒಂದರ ಮೇಲೆ ಸಾಂಬಾರು ಚೆಲ್ಲಿ ಒರೆಸಿ ತೋರಿಸಿದರು. ಇನ್ನೊಂದನ್ನು ಬೀಗದ ಕೈಯಿಂದ ಗೀರಿದರು. ಅಡುಗೆಮನೆ ಗೋಡೆಗೆ ನಡುವೆ ಚಿತ್ರವಿರುವ ಟೈಲ್ಸ್ ಬೇಕೇ ಬೇಕು ಎಂದು ತಂಗಿ ಹಟ ಹಿಡಿದಳು. ಅದಕ್ಕೆ ಹೈಲೈಟರ್ ಎನ್ನುತ್ತಾರಂತೆ. ಹಬೆಯಾಡುವ ಕಾಫಿ ಕಪ್ಪಿನ ಹೈಲೈಟರ್ ಆಯಿತು. ನಮ್ಮ ಮನೆಯಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಬಚ್ಚಲಿಗೆ ಮಾತ್ರ ಜಾರದ ಟೈಲ್ಸ್ ಎಂದು ನಾನೇ ಹೇಳಿದೆ. ಅತ್ತೆಯ ಬಗ್ಗೆ ಎಷ್ಟು ಯೋಚನೆ ಮಾಡುತ್ತೇನೆ ಎಂದು ನನಗೇ ಹೆಮ್ಮೆಯಾಯಿತು. ನಾಲ್ಕು ಗಂಟೆ ನೋಡಿದೆವು. ಅಷ್ಟು ಹೊತ್ತಿನಲ್ಲಿ ಒಬ್ಬರೂ ಚಪ್ಪಲಿ ಬಿಟ್ಟು ಒಂದರ ಮೇಲೂ ಕಾಲಿಡಲಿಲ್ಲ.

ಕೆಲಸ ಮುಗಿಯುವವರೆಗೆ ಅತ್ತೆ ಸವಳಂಗದ ಮಗಳ ಮನೆಗೆ ಹೋದರು. ಟೈಲ್ಸ್ ಕೂರಿಸಲು ಬಂದ ಮೇಸ್ತ್ರಿ ಜಗಳೂರಿನ ಕಡೆಯವರು, ಕಟ್ಟುನಿಟ್ಟಿನ ಆಸಾಮಿ. ಪ್ರತಿ ಟೈಲ್ಸನ್ನೂ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದರು. ಟೊಳ್ಳು ಸದ್ದು ಬಂದರೆ ಎಬ್ಬಿಸಿ ಮತ್ತೆ ಕೂರಿಸುತ್ತಿದ್ದರು. ಹಳೆಯ ನೆಲವನ್ನೆಲ್ಲ ಒಡೆದರು. ಅತ್ತೆಗೆ ಕಣ್ಣಿಲ್ಲ ಎಂದು ಗೊತ್ತಾದ ಮೇಲೆ ಅವರೇ ಒಂದು ಉಪಾಯ ಹೇಳಿದರು.

“ಅಕ್ಕಾರೆ, ಈ ಏರುತಗ್ಗೆಲ್ಲ ತೆಗೆದು ಒಂದೇ ಲೆವೆಲ್ ಮಾಡ್ಬಿಡ್ತೀನಿ. ಅಮ್ಮಾರು ಎಡವಾಕೆ ಏನೂ ಇರಬಾರ್ದು ನೋಡ್ರಿ.”

ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ. ಹದಿನೆಂಟು ದಿನಕ್ಕೆ ಮನೆ ತಂಗಿಯ ಮನೆಯಾಯಿತು. ಬಾಗಿಲಲ್ಲಿ ನಿಂತರೆ ಹಿತ್ತಲ ಗೋಡೆಯವರೆಗೆ ಒಂದೇ ಬಿಳುಪು. ನಾನು ಕಾರಣವಿಲ್ಲದೆ ಎರಡು ಸಲ ಒರೆಸಿದೆ.

ಅತ್ತೆಯನ್ನು ಗಂಡ ಕಾರಿನಲ್ಲಿ ಕರೆತಂದರು. ಜಗಲಿ ಹಳೆಯದೇ ಇತ್ತು, ಅದರ ಮೇಲೆ ಅವರು ಎಂದಿನಂತೆ ಸರಸರ ಬಂದರು. ಹೊಸ್ತಿಲು ದಾಟಿ ಬಲಗಾಲು ಇಟ್ಟರು, ಎಡಗಾಲು ಇಟ್ಟರು, ನಿಂತರು. ಅಂಗಾಲನ್ನು ಅತ್ತ ಇತ್ತ ಸವರಿದರು. ನಾವಿಬ್ಬರೂ ಶಭಾಸ್‌ಗಿರಿಗೆ ಕಾಯುತ್ತಿದ್ದೆವು.

“ಇದು ಯಾರ ಮನೆ?” ಎಂದರು.

ತಮಾಷೆ ಎಂದುಕೊಂಡು ಗಂಡ ನಕ್ಕರು. ಅತ್ತೆ ನಗಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಡುಮನೆಯ ಮಧ್ಯದಲ್ಲಿ ಮತ್ತೆ ನಿಂತುಬಿಟ್ಟರು. ಎರಡೂ ಕೈ ಮುಂದೆ ಚಾಚಿದ್ದವು. ಹನ್ನೊಂದು ವರ್ಷದಲ್ಲಿ ಅವರನ್ನು ಹಾಗೆ ನಾನು ನೋಡಿರಲಿಲ್ಲ. ಆಮೇಲೆ, ನಾನು ಯಾವ ಕಡೆ ನಿಂತಿದ್ದೇನೆಂದು ಅವರಿಗೆ ಗೊತ್ತಾಗದೆ, ಗೋಡೆಯ ಕಡೆ ತಿರುಗಿಕೊಂಡು ಹೇಳಿದರು:

“ಕೈ ಕೊಡವ್ವ.”

ಕೊಟ್ಟೆ. ಅವರ ಕೈ ತಣ್ಣಗಿತ್ತು. ಮಂಚಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ.

ಅವರು ಇಷ್ಟು ವರ್ಷ ನೆಲವನ್ನು ಓದಿಕೊಂಡು ನಡೆಯುತ್ತಿದ್ದರು ಎಂಬುದು ನಮಗೆ ಆಗ ಹೊಳೆಯಿತು. ಕಡಪ ಕಲ್ಲಿನ ಸಂದಿ ಸಿಕ್ಕರೆ ನಡುಮನೆ, ಎರಡು ಬೆರಳು ಇಳಿದು ಗಾರೆಯ ನುಣುಪು ಸಿಕ್ಕರೆ ಅಡುಗೆಮನೆ, ಒರಟು ಕಲ್ಲು ಸಿಕ್ಕರೆ ಬಚ್ಚಲು ಬಂತು. ನಾನು ಕೊಳೆ ಎಂದು ಉಜ್ಜಿದ ಜಾಗಗಳೆಲ್ಲ ಅವರಿಗೆ ಊರಿನ ಬೋರ್ಡುಗಳಾಗಿದ್ದವು. ನಾವು ಎಲ್ಲ ಬೋರ್ಡನ್ನೂ ಕಿತ್ತು, ಮೇಲೆ ಪಾಲಿಶ್ ಮಾಡಿದ್ದೆವು.

ರೂಢಿಯಾಗುತ್ತದೆ ಎಂದು ಗಂಡ ಹೇಳಿದರು. ರೂಢಿಯಾಗಲಿಲ್ಲ. ಅತ್ತೆ ಮಂಚದ ಮೇಲೆ ಕೂತಲ್ಲೇ ಇರತೊಡಗಿದರು. ದಿನವೂ ನನ್ನನ್ನು ಬೈಯುತ್ತಿದ್ದವರು ಅದನ್ನೂ ನಿಲ್ಲಿಸಿದರು. ಇದು ನನಗೆ ಮೊದಲ ಎರಡು ದಿನ ಹಿತವಾಗಿತ್ತು, ಮೂರನೆಯ ದಿನ ಭಯವಾಯಿತು. ಐದನೆಯ ದಿನ ಮಂಚದ ಪಕ್ಕ ಒರೆಸುವಾಗ ನೀರಿನ ಚೊಂಬು ಎತ್ತಿದೆ. ಬೆಳಿಗ್ಗೆ ತುಂಬಿಸಿಟ್ಟ ನೀರು ಸಂಜೆಯಾದರೂ ಕಂಠಮಟ್ಟ ಹಾಗೇ ಇತ್ತು.

“ಯಾಕತ್ತೆ, ನೀರೇ ಕುಡ್ದಿಲ್ಲ?”

“ಕುಡಿದ್ರೆ ಏಳಬೇಕಾಗ್ತೈತೆ” ಎಂದರು. “ಎದ್ರೆ ನಿನ್ನ ಕರೀಬೇಕು.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹವಾಮಾನ ಹೇಳಿದ ಹಾಗೆ ಹೇಳಿದರು. ನಾನು ಚೊಂಬು ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಕಾಫಿ ಕಪ್ಪಿನ ಚಿತ್ರದ ಎದುರು ನಿಂತು ಅತ್ತುಬಿಟ್ಟೆ. ನಾಚಿಕೆಯ ಅಳು ಅದು. ನಮ್ಮಿಬ್ಬರದು ಇಪ್ಪತ್ತಾರು ವರ್ಷದ ಜಗಳ. ಅದರಲ್ಲಿ ನಾನು ಗೆದ್ದದ್ದು ಇದೊಂದೇ ಸಲ, ಗೆಲುವು ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ಅತ್ತೆಯನ್ನು ಹೊನ್ನಾಳಿಯ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಕುರ್ಚಿ ಹಾಕಿಸಿದರು.

“ಕೂರಾಕೆ ಬಂದಿಲ್ಲಪ್ಪ, ನಿಲ್ಲಾಕೆ ಬಂದೀನಿ” ಎಂದರು ಅತ್ತೆ. “ಚಪ್ಪಲಿ ಎಲ್ಲಿ ಬಿಡ್ಲಿ?”

“ಪರವಾಗಿಲ್ಲಮ್ಮ, ಹಾಕ್ಕೊಂಡೇ ಬರ್ರಿ.”

“ಹಾಕ್ಕೊಂಡ್ರೆ ಹೆಂಗೆ ಗೊತ್ತಾಗ್ತೈತೆ?”

ಅಂಗಡಿಯವರು ನನ್ನ ಮುಖ ನೋಡಿದರು. ನಾನೂ ನನ್ನ ಚಪ್ಪಲಿ ಬಿಟ್ಟೆ. ಗೋಡೆಗೆ ನಿಲ್ಲಿಸಿದ್ದ ಟೈಲ್ಸ್‌ಗಳನ್ನು ಒಂದೊಂದಾಗಿ ನೆಲಕ್ಕೆ ಮಲಗಿಸಿದರು. ಅತ್ತೆ ನನ್ನ ಭುಜದ ಮೇಲೆ ಕೈ ಇಟ್ಟು ಒಂದೊಂದರ ಮೇಲೂ ನಿಂತರು, ಅಂಗಾಲು ಒತ್ತಿದರು, ಹೆಬ್ಬೆರಳಿನ ಉಗುರಿನಿಂದ ಕೆರೆದರು.

“ಇದಕ್ಕೂ ಅದಕ್ಕೂ ಏನು ಫರಕು?”

“ಅದು ಐವರಿ ಅಮ್ಮ, ಇದು ಕ್ರೀಮು.”

“ಕಾಲಿಗೆ ಎರಡೂ ಸೋಪಿನ ಬಿಲ್ಲೇನೇ.”

ಹೀಗೆ ಹದಿನಾರು ಸೋಪಿನ ಬಿಲ್ಲೆಗಳಾದವು. ಅಂಗಡಿಯವರ ಉತ್ಸಾಹ ಪೂರ್ತಿ ಇಳಿದುಹೋಗಿತ್ತು. ಹೊರಡುವಾಗ ಬಾಗಿಲ ಬಳಿ ಅತ್ತೆಯ ಕಾಲು ಯಾವುದೋ ಒಂದರ ಮೇಲೆ ಬಿತ್ತು. ನಿಂತರು. ಹಿಂದೆ ಮುಂದೆ ಸವರಿದರು. ಉಬ್ಬು ಗುಂಡಿಗಳ ದಪ್ಪನೆಯ ಟೈಲ್ಸ್, ಬೂದಿ ಮತ್ತು ಇಟ್ಟಿಗೆ ಬಣ್ಣ, ನೋಡಲು ತೀರ ಕೆಟ್ಟದಾಗಿತ್ತು.

“ಇದು ಕೊಡ್ರಿ.”

“ಅಯ್ಯೋ, ಅದು ಪಾರ್ಕಿಂಗ್ ಟೈಲ್ಸ್ ಅಮ್ಮ. ಕಾರು ನಿಲ್ಸಾಕೆ. ಮನೆ ಒಳಗೆ ಯಾರೂ ಹಾಕಲ್ಲ.”

“ಕಾರು ಏನು ಓಡಾಡ್ತೈತಾ ಅದ್ರ ಮ್ಯಾಲೆ? ಸುಮ್ನೆ ನಿಂತಿರ್ತೈತೆ. ನಾನು ಓಡಾಡಬೇಕು.”

ಬಚ್ಚಲ ದಾರಿಗೆ ಗುಂಡಿಯದು, ಅಡುಗೆಮನೆ ದಾರಿಗೆ ಉದ್ದ ಗೆರೆಗಳದು ಎಂದು ಅತ್ತೆ ಎರಡು ಬಗೆ ಆರಿಸಿದರು. ಬಣ್ಣ ಯಾವುದು ಎಂದು ಕೇಳಲೇ ಇಲ್ಲ. ನಾನು ಕೇಳಿದೆ. ಇದ್ದದ್ದು ಅವೆರಡೇ ಬಣ್ಣ.

ಜಗಳೂರಿನ ಮೇಸ್ತ್ರಿ ಬಂದು ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತರು. “ಗ್ಲಾಸಿನಂಗೆ ಕೂರ್ಸೀನಿ ಅಕ್ಕಾರೆ, ಒಂದೂ ಟೊಳ್ಳಿಲ್ಲ. ಇದನ್ನ ನಾನೇ ಒಡೀಲಾ?” ಎಂದರು. ಅವರ ಸಂಕಟ ನಿಜವಾದದ್ದು. ಆದರೆ ಅತ್ತೆಯ ಚೊಂಬಿನ ವಿಷಯ ಹೇಳಿದ ಮೇಲೆ ಎದ್ದರು. ನೇರ ಗೆರೆ ಎಳೆಯುವ ದಾರಕ್ಕೆ ಹಚ್ಚುವ ಕೆಂಪು ಪುಡಿಯನ್ನು ಒಂದು ತಟ್ಟೆಗೆ ಸುರಿದರು.

“ಅಮ್ಮಾರೆ, ಇದ್ರಾಗೆ ಕಾಲಿಟ್ಟು, ನೀವು ಮೊದ್ಲು ಹೆಂಗೆ ಹೋಗ್ತಿದ್ರೋ ಹಂಗೇ ಒಂದ್ಸಲ ನಡೀರಿ. ನೀವು ನಡೆದಲ್ಲೇ ನಾನು ಒಡೀತೀನಿ.”

ನಾನು ಕೈ ಹಿಡಿದುಕೊಂಡೆ. ಅತ್ತೆ ಕೆಂಪು ಕಾಲಿನಲ್ಲಿ ಮಂಚದಿಂದ ಹೊರಟರು. ಹಿಂದೆ ನನ್ನ ಬಿಳಿ ನೆಲದ ಮೇಲೆ ಹೆಜ್ಜೆಗಳು ಮೂಡುತ್ತ ಬಂದವು. ಎಪ್ಪತ್ತೆಂಟು ವರ್ಷದ ಹೊಸ ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹಾಗಿತ್ತು. ನಡುಮನೆಯ ಮಧ್ಯಕ್ಕೆ ಬಂದಾಗ ಅವರು ಇದ್ದಕ್ಕಿದ್ದಂತೆ ಎಡಕ್ಕೆ ಸರಿದು, ಖಾಲಿ ಜಾಗವನ್ನು ಬಳಸಿಕೊಂಡು ಮತ್ತೆ ದಾರಿಗೆ ಬಂದರು.

“ಇಲ್ಲಿ ಯಾಕ್ರಿ ತಿರುಗಿದ್ರು? ಏನೂ ಇಲ್ವಲ್ಲ?” ಎಂದರು ಮೇಸ್ತ್ರಿ.

ಗಂಡ ಸ್ವಲ್ಪ ಯೋಚಿಸಿದರು. “ನಾನು ಸಣ್ಣೋನಿದ್ದಾಗ ಅಲ್ಲೊಂದು ಜೋಳ ತುಂಬಿಡೋ ಮಣ್ಣಿನ ವಾಡೆ ಇತ್ತು” ಎಂದರು.

ನೇರ ಮಾಡಿಬಿಡಲೇ ಎಂದು ಮೇಸ್ತ್ರಿ ನನ್ನನ್ನು ಕೇಳಿದರು. ಹದಿನೆಂಟು ದಿನ ಎಲ್ಲವನ್ನೂ ನೇರ ಮಾಡಿಸಿದವಳು ನಾನೇ. ಹೆಜ್ಜೆ ಹೇಗಿದೆಯೋ ಹಾಗೇ ಕೂರಿಸಿ ಎಂದೆ. ಹೀಗಾಗಿ ನಮ್ಮ ನಡುಮನೆಯಲ್ಲಿ, ಹೊಳೆಯುವ ಬಿಳಿ ಟೈಲ್ಸ್ ನಡುವೆ, ಒಂದಡಿ ಅಗಲದ ಪಾರ್ಕಿಂಗ್ ಟೈಲ್ಸ್ ಪಟ್ಟಿ ಇದೆ. ಅದು ಮಧ್ಯದಲ್ಲಿ, ಈಗ ಇಲ್ಲದ ಒಂದು ವಾಡೆಗೆ ದಾರಿ ಬಿಟ್ಟು, ಸೊಟ್ಟಗೆ ತಿರುಗುತ್ತದೆ. ನೋಡಲು ಬಂದ ತಂಗಿ ಬಾಗಿಲಲ್ಲೇ ನಿಂತು, “ಅಕ್ಕಾ, ಇದೇನಿದು?” ಎಂದಳು. ದಾರಿ ಎಂದೆ. ಅವಳು ಮೂಗು ಮುರಿದಳು. ಆ ಕೆಂಪು ಪುಡಿ ಬಿಳಿ ಟೈಲ್ಸ್ ಸಂದಿಗೆ ಹಿಡಿದದ್ದು ಇವತ್ತಿಗೂ ಹೋಗಿಲ್ಲ. ನಾನೂ ಅಷ್ಟೊಂದು ಉಜ್ಜಲು ಹೋಗಿಲ್ಲ.

ಹೊಸ ಪಟ್ಟಿ ಗಟ್ಟಿಯಾಗಲು ಎರಡು ದಿನ ಯಾರೂ ಕಾಲಿಡಬಾರದು ಎಂದು ಮೇಸ್ತ್ರಿ ಹೇಳಿದ್ದರು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಒಂದು ಚೊಂಬು ನೀರು ಗಟಗಟ ಕುಡಿದರು. ಮಂಚದಿಂದ ಕಾಲು ಇಳಿಬಿಟ್ಟು ಪಟ್ಟಿಯನ್ನು ಹುಡುಕಿದರು. ಸಿಕ್ಕಿತು. ಎದ್ದರು. ನಾನು ಬಚ್ಚಲ ದಾರಿಯಲ್ಲಿ, ಬಿದ್ದರೆ ಹಿಡಿದುಕೊಳ್ಳೋಣ ಎಂದು ಎರಡೂ ಕೈ ಚಾಚಿ ನಿಂತಿದ್ದೆ. ಅವರು ವಾಡೆಯನ್ನು ಬಳಸಿಕೊಂಡು ಬಂದರು. ನನ್ನಿಂದ ಒಂದು ಹೆಜ್ಜೆ ದೂರದಲ್ಲಿ ನಿಂತರು.

“ದಾರಿಗೆ ಅಡ್ಡ ಯಾರದು? ಸರಿ ಅತ್ಲಾಗೆ.”

ಸರಿದೆ. ಅವರು ನನ್ನ ಪಕ್ಕದಿಂದ ಹಾದು ಬಚ್ಚಲಿಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.