ಕಪ್ಪತಗುಡ್ಡದಿಂದ ಎಡೆಯ ಹೊತ್ತಿಗೆ

ನಮ್ಮ ಹೆಂಗಸರ ಗುಂಪಿನ ಭಾನುವಾರದ ಸೈಕಲ್ ಸವಾರಿಗೆ ನಾನು ದಾರಿ ಆರಿಸುವ ಕ್ರಮ ಸರಳವಾದದ್ದು. ಗದಗಿನಿಂದ ಹೊರಡುವ ಯಾವ ರಸ್ತೆಯಲ್ಲಿ ಮರಳಿನ ಲಾರಿಗಳು ಕಡಿಮೆಯೋ, ಯಾವ ರಸ್ತೆಯ ಬದಿಯಲ್ಲಿ ಹೆಂಗಸರನ್ನು ಕಂಡು ಸೀಟಿ ಹೊಡೆಯುವವರು ಅಷ್ಟು ಬೇಗ ಏಳುವುದಿಲ್ಲವೋ, ಅದೇ ನಮ್ಮ ದಾರಿ. ಹೊಂಬಳದ ಕಡೆ ಜೋಳದ ಹೊಲಗಳ ನಡುವೆ ಹೋಗಿದ್ದೇವೆ. ಮಾಗಡಿ ಕೆರೆಯ ತನಕ ಹೋಗಿ ಹಕ್ಕಿಗಳನ್ನು ನೋಡಿ ಬಂದಿದ್ದೇವೆ. ಈ ಯಾವ ದಾರಿಯಲ್ಲೂ ಹೆಂಗಸರಿಗೆಂದು ಒಂದು ಶೌಚಾಲಯವಿಲ್ಲ. ಇದನ್ನು ಸಭೆಗಳಲ್ಲಿ ಹೇಳಿದ್ದೇನೆ, ಮನವಿಗಳಲ್ಲಿ ಬರೆದಿದ್ದೇನೆ. ಮನವಿ ಸ್ವೀಕರಿಸುವಾಗ ಎಲ್ಲರೂ ಬಹಳ ಗೌರವದಿಂದ ಕುರ್ಚಿ ಕೊಡುತ್ತಾರೆ.

ನಾನು ಬೆಟಗೇರಿಯ ನೇಕಾರರ ಮನೆಯವಳು. ನಮ್ಮ ಓಣಿಯಲ್ಲಿ ಸೈಕಲ್ ಎಂದರೆ ನೂಲಿನ ಗಂಟು, ಸೀರೆಯ ಕಟ್ಟು ಹೊರುವ ಗಂಡಸರ ವಾಹನವಾಗಿತ್ತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಮಾತ್ರ ಹೆಂಗಸರು ಅದನ್ನು ಮುಟ್ಟುತ್ತಿದ್ದರು. ತೊಳೆದು, ಕುಂಕುಮ ಹಚ್ಚಿ, ಕೈಮುಗಿದು ದೂರ ಸರಿಯುತ್ತಿದ್ದರು. ನಾನು ಸೈಕಲ್ ಹತ್ತಿದ್ದು ನಲವತ್ತು ದಾಟಿದ ಮೇಲೆ. ಹಾಗಾಗಿ ಇನ್ನೊಬ್ಬಳಿಗೆ ಕಲಿಸುವ ಅವಕಾಶ ಬಂದರೆ ನಾನು ಬಿಡುವವಳಲ್ಲ.

ಹಾಗೆ ಕಲಿತವಳು ಗದಗಿನ ಒಂದು ವ್ಯಾಪಾರಸ್ಥರ ಮನೆಯ ಸೊಸೆ. ಮಹಿಳೆಯರ ಹಕ್ಕುಗಳ ಕುರಿತು ನಾನು ನಡೆಸುತ್ತಿದ್ದ ತರಬೇತಿಗೆ ಬಂದಿದ್ದಳು. ಎಲ್ಲರಂತೆ ನನ್ನನ್ನು ಅಕ್ಕಾರ ಎನ್ನುತ್ತಾಳೆ. ಒಂದೇ ತಿಂಗಳಿನಲ್ಲಿ ನನಗಿಂತ ವೇಗವಾಗಿ ಓಡಿಸತೊಡಗಿದಳು. ಆದರೆ ಪ್ರತಿ ಭಾನುವಾರವೂ ಅವಳ ಅತ್ತೆಯ ಅಪ್ಪಣೆ ಬೇಕಿತ್ತು.

“ನಿಮ್ಮ ಭರೋಸದ ಮ್ಯಾಲೆ ಕಳಿಸ್ತೀನ್ರಿ ಅಕ್ಕಾರ,” ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. “ದೇವರಿಗೆ ಎಡಿ ಹಿಡಿಯೂ ಹೊತ್ತಿಗೆ ಆಕಿ ಮನ್ಯಾಗ ಇರಬೇಕು. ಒಂದ್ ಸಲ ತಪ್ಪಿತಂದ್ರ ಸೈಕಲ್ ಅಟ್ಟಕ್ಕ ಏರತೈತಿ ನೋಡ್ರಿ.”

ವಯಸ್ಸಿಗೆ ಬಂದ, ಪದವಿ ಪಡೆದ ಒಬ್ಬ ಹೆಂಗಸನ್ನು ‘ಕಳಿಸುವುದು’ ಎಂಬ ಮಾತೇ ಅನ್ಯಾಯದ್ದು. ಹಾಗೆಂದು ಹೇಳಲು ಬಾಯಿ ತೆರೆದೆ. ಅತ್ತೆಯ ಬೆನ್ನ ಹಿಂದೆ ನಿಂತಿದ್ದ ಸೊಸೆ ಕಣ್ಣಿನಲ್ಲೇ ಬೇಡವೆಂದಳು. ಒಪ್ಪಿಕೊಂಡು ಬಂದೆ.

ಒಂದು ಭಾನುವಾರ ನಾವಿಬ್ಬರೇ ಡಂಬಳ, ಡೋಣಿ ದಾಟಿ ಕಪ್ಪತಗುಡ್ಡ ಹತ್ತಿದೆವು. ಮಳೆಗಾಲ ಮುಗಿದು ಗುಡ್ಡ ಇನ್ನೂ ಹಸಿರಾಗಿತ್ತು. ರಸ್ತೆಯ ಎರಡೂ ಬದಿಗೆ ಕುರುಚಲು ಕಾಡು, ಕಲ್ಲಿನ ಸಂದಿಗಳಲ್ಲಿ ಸೀತಾಫಲದ ಗಿಡಗಳು, ಮೇಲೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳು. ಒಂದು ತಾಸಿನಲ್ಲಿ ಎರಡು ಮೋಟಾರ್‌ಸೈಕಲ್ ಬಿಟ್ಟರೆ ಏನೂ ಎದುರಾಗಲಿಲ್ಲ. ಆ ನಿಶ್ಶಬ್ದ ನನಗೆ ಇಷ್ಟ; ಆದರೆ ಜೊತೆಗೊಬ್ಬಳನ್ನು ಕರೆತಂದಾಗ ಅದೇ ನಿಶ್ಶಬ್ದ ಎದೆಯ ಮೇಲೆ ಕೂರುತ್ತದೆ. ಬಿದ್ದರೆ ಕೂಗಿದ್ದು ಯಾರಿಗೆ ಕೇಳೀತು? ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ ಮಾತ್ರ ಇತ್ತು.

ನೆತ್ತಿ ತಲುಪಿದಾಗ ಅವಳು ಸೂರ್ಯನನ್ನು ನೋಡಿದಳು. “ಅಕ್ಕಾರ, ನಾ ಮುಂದ ಇಳೀತೀನ್ರಿ. ಡೋಣಿ ಚಾದಂಗಡ್ಯಾಗ ಕುಂತಿರತೀನಿ. ನೀವು ಬ್ರೇಕ್ ಹಿಡಕೊಂಡ ಬರೂದ್ರಾಗ ನಮ್ಮತ್ತಿ ಎಡಿ ಹಿಡದು ಊಟಾನೂ ಮುಗಿಸಿರತಾರ.”

ನಕ್ಕು ಹೂಂ ಎಂದೆ. ಅವಳ ನೀಲಿ ಹೆಲ್ಮೆಟ್ ಮೊದಲ ತಿರುವಿನಲ್ಲಿ ಮರೆಯಾಯಿತು.

ನಾನು ಇಳಿದು ಡೋಣಿ ಮುಟ್ಟಿದಾಗ ಚಹಾದಂಗಡಿಯ ಬೆಂಚು ಖಾಲಿಯಿತ್ತು. ಅಂಗಡಿಯವನನ್ನು ಕೇಳಿದೆ.

“ನೀವ್ ಹತ್ತಿ ಹೋದ ಮ್ಯಾಲೆ ಸೈಕಲ್ ಯಾವೂ ಇಳದ ಬಂದಿಲ್ರಿ. ನಸಕಿನಿಂದ ಇಲ್ಲೇ ಕುಂತೇನಿ. ಸೀತಾಫಲದ ಹೆಣಮಕ್ಕಳ ಟೆಂಪೋ ಒಂದ ಹೋತು, ಬಿಟ್ರ ಯಾರಿಲ್ಲ,” ಎಂದವನು ನನ್ನ ಮುಖ ನೋಡಿ ಕೂಡಿಸಿದ, “ಗುಡ್ಡದಾಗ ಫ್ಯಾನಿನ ರಸ್ತೆ ಭಾಳ ಅದಾವ್ರಿ ಯಕ್ಕಾ. ಹೊಸಬರಿಗೆ ತಿಳಿಯಂಗಿಲ್ಲ.”

ಗಾಳಿಯಂತ್ರಗಳಿಗೆ ಸಾಮಾನು ಸಾಗಿಸಲು ಗುಡ್ಡವನ್ನು ಕಡಿದು ರಸ್ತೆಗಳನ್ನು ಮಾಡಿದ್ದಾರೆ. ಒಂದಕ್ಕೂ ಫಲಕವಿಲ್ಲ. ಕೆಲವಂತೂ ಯಂತ್ರದ ಬುಡಕ್ಕೆ ಹೋಗಿ ನಿಂತುಬಿಡುತ್ತವೆ, ಆಚೆಗೆ ಇಳಿಜಾರು. ವಿದ್ಯುತ್ತು ಎಲ್ಲೋ ಹೋಗುತ್ತದೆ, ದಾರಿ ತಪ್ಪುವ ಭಯ ಮಾತ್ರ ಇಲ್ಲಿನವರಿಗೆ ಉಳಿಯುತ್ತದೆ. ಇದನ್ನೂ ಒಂದು ಮನವಿಯಲ್ಲಿ ಬರೆದಿದ್ದೆ. ಆ ಹೊತ್ತಿಗೆ ಅದರಿಂದೇನೂ ಪ್ರಯೋಜನವಿರಲಿಲ್ಲ.

ಮತ್ತೆ ಹತ್ತಿದೆ. ಪ್ರತಿ ಕವಲಿನಲ್ಲೂ ನಿಂತು ಕೂಗಿದೆ. ಒಂದು ಕವಲಿನ ಮಣ್ಣಿನಲ್ಲಿ ಟೈರಿನ ಗುರುತು ಕಂಡಿತು. ಅದನ್ನು ಹಿಡಿದು ಯಂತ್ರದ ಬುಡದವರೆಗೆ ಹೋದೆ. ಅದು ಮೋಟಾರ್‌ಸೈಕಲ್ಲಿನದು. ಇಳಿಜಾರಿನ ಅಂಚಿಗೆ ನಿಂತು ಕೆಳಗೆ ನೋಡಿದೆ, ನೀಲಿ ಬಣ್ಣ ಕಾಣದಿರಲಿ ಎಂದುಕೊಂಡು ನೋಡಿದೆ. ಅವಳು ಬಿದ್ದಿದ್ದರೆ ಎಂಬ ಭಯದ ಒಳಗೇ ಇನ್ನೊಂದು ಭಯವೂ ಇತ್ತು: ಅವಳು ಕ್ಷೇಮವಾಗಿ ಸಿಕ್ಕರೂ ಇಂದಿನಿಂದ ಹೊರಬರಲಾರಳು. ಅವಳ ಓಣಿಯ ಉಳಿದ ಮನೆಗಳವರೂ ತಮ್ಮ ಸೊಸೆಯಂದಿರಿಗೆ ಇದನ್ನೇ ಉದಾಹರಣೆಯಾಗಿ ಹೇಳುವರು.

ನೆತ್ತಿಯ ಹತ್ತಿರ ಮೊಬೈಲ್ ಜೀವ ಪಡೆಯಿತು. ಅತ್ತೆಯಿಂದ ಸಾಲುಸಾಲು ಕರೆಗಳು ಬಂದಿದ್ದವು.

ರಸ್ತೆಬದಿಯ ಕಲ್ಲಿನ ಮೇಲೆ ಕುಳಿತೆ. ಏನು ಹೇಳಬೇಕು? ನಿಮ್ಮ ಸೊಸೆ ಕಾಣುತ್ತಿಲ್ಲ ಎನ್ನಲು ಯಾವ ತರಬೇತಿಯಲ್ಲೂ ವಾಕ್ಯ ಕಲಿತಿರಲಿಲ್ಲ. ಕೊನೆಗೆ ಕರೆ ಮಾಡಿದೆ. ನಾನು ಮಾತಾಡುವ ಮೊದಲೇ ಅತ್ತೆಯ ಧ್ವನಿ ಸಿಡಿಯಿತು.

“ಏನ್ರಿ ಅಕ್ಕಾರ, ಎಲ್ಲಿ ಅದೀರಿ? ಆಕಿ ಬಂದು ಜಳಕ ಮಾಡಿ, ಎಡೀನೂ ಹಿಡದಾತು. ನೀವ ಎಲ್ಲಿ ಕಳದೀರಿ? ಹುಡುಕಾಕ ನನ್ನ ಮಗನ್ನ ಕಳಿಸ್ಲೇನು?”

ಅತ್ತುಬಿಟ್ಟೆನೆಂದು ಕಾಣುತ್ತದೆ, ಆಕೆ “ಆತು, ಆತು, ಸಾವಕಾಶ ಬರ್ರಿ” ಎಂದು ಫೋನ್ ಇಟ್ಟರು.

ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ವಿಷಯ ತಿಳಿದುಕೊಂಡೆ. ಇಳಿಯುವಾಗ ಚೂಪು ಕಲ್ಲು ಹೊಕ್ಕು ಅವಳ ಸೈಕಲ್ ಪಂಕ್ಚರ್ ಆಗಿತ್ತು. ಹತ್ತಿರದ ಕವಲಿನಿಂದ ಸೀತಾಫಲದ ಬುಟ್ಟಿಗಳ ಟೆಂಪೋ ಬಂತು. ಸೈಕಲ್ಲನ್ನು ಪೊದೆಯೊಳಗೆ ಬಚ್ಚಿಟ್ಟು, ಹೆಲ್ಮೆಟ್ ತೆಗೆದು, ಬಿಸಿಲಿಗೆ ತಲೆಯ ಮೇಲೆ ಓಢಣಿ ಹೊದ್ದು, ಅವಳು ಆ ಹೆಂಗಸರ ನಡುವೆ ಕುಳಿತಿದ್ದಳು. ನನಗಾಗಿ ಕಾದರೆ ಎಡೆಯ ಹೊತ್ತು ಮೀರುತ್ತಿತ್ತು, ಟೆಂಪೋ ಡೋಣಿಯಲ್ಲಿ ನಿಲ್ಲಲೂ ಇಲ್ಲ. ಅವಳು ಮೊಬೈಲ್ ಮನೆಯಲ್ಲೇ ಬಿಟ್ಟು ಬಂದಿದ್ದಳು, ಅವರಲ್ಲಿ ಯಾರ ಬಳಿಯೂ ನನ್ನ ನಂಬರಿರಲಿಲ್ಲ. ಊರಿಗೆ ಬಂದ ಮೇಲೆ ಅತ್ತೆಯ ಫೋನಿನಿಂದ ಮಾಡಿದ ಕರೆಗಳು ಸಿಗ್ನಲ್ ಇಲ್ಲದ ಗುಡ್ಡದಲ್ಲಿ ನನಗೆ ತಲುಪಲಿಲ್ಲ. ಸರಕಿನ ವಾಹನದಲ್ಲಿ ಬುಟ್ಟಿಗಳ ಮೇಲೆ ಹೆಂಗಸರು ಜೀವ ಕೈಯಲ್ಲಿ ಹಿಡಿದು ಪೇಟೆಗೆ ಬರಬೇಕಾಗಿರುವುದು ನಾಚಿಕೆಗೇಡು. ಆ ನಾಚಿಕೆಗೇಡೇ ಅಂದು ನಮ್ಮನ್ನು ಉಳಿಸಿತ್ತು.

ಅತ್ತೆ ಒಳಗಿನಿಂದ ಮಜ್ಜಿಗೆ ತಂದರು. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡ ಮಾತುಗಳನ್ನು ಆರಂಭಿಸುವಷ್ಟರಲ್ಲಿ ಅವಳ ಗಂಡ ಹೇಳಿದ, “ಅಂಗಡಿ ಆಳನ್ನ ಕಳಿಸಿ ಆ ಸೈಕಲ್ ತರಸ್ತೀನಿ. ಇನ್ನ ಸಾಕಿದು.”

“ಅಂವಗೇನ ಗೊತ್ತೋ?” ಎಂದರು ಅತ್ತೆ. “ಅಷ್ಟ ದೊಡ್ಡ ಗುಡ್ಡ. ಯಾವ ಕಂಟ್ಯಾಗ ಇಟ್ಟಾಳೋ ಇಟ್ಟಾಕಿಗೇ ಗೊತ್ತು.” ಆಮೇಲೆ ಸೊಸೆಯತ್ತ ತಿರುಗಿ, “ಹೊತ್ತಿಗಂತೂ ಬಂದಿ. ಬರೂ ಐತ್ವಾರ ಹೋಗಿ ತಗೊಂಡ ಬಾ. ಬಸ್ಸಿಗೆ ಹೋಗು. ಅಕ್ಕಾರ ಜೋಡಿ ಇರಲಿ, ಆದ್ರ ಅವರನ್ನ ನೀ ಕಳಕೋಬ್ಯಾಡ,” ಎಂದರು.

ಬಾಗಿಲವರೆಗೆ ಬಂದ ಸೊಸೆಯನ್ನು ಮೆಲ್ಲಗೆ ಕೇಳಿದೆ, ಟೆಂಪೋದಲ್ಲಿ ಸೈಕಲ್ಲಿಗೆ ಜಾಗವಿರಲಿಲ್ಲವೇ ಎಂದು.

“ಇತ್ರಿ. ಅವರೇ ಎತ್ತಿ ಇಡ್ತೇವಿ ಅಂದ್ರು. ನಾನ ಬ್ಯಾಡ ಅಂದೆ. ಸೈಕಲ್ ಇವತ್ತ ಮನೀಗೆ ಬಂದಿದ್ರ ಮತ್ತ ಹೊರಗ ಬೀಳತಿರಲಿಲ್ರಿ ಅಕ್ಕಾರ.”

ಆ ವಾರವಿಡೀ ನನಗೆ ನೆಮ್ಮದಿಯಿರಲಿಲ್ಲ. ಎರಡು ಸಂಜೆ ಅಕಾಲಿಕ ಮಳೆ ಬಂತು. ಕುರಿ ಕಾಯುವವರು ಕಂಡಿರಬಹುದೆ, ಕಟ್ಟಿಗೆಗೆ ಹೋದವರು ಒಯ್ದಿರಬಹುದೆ ಎಂದು ಲೆಕ್ಕ ಹಾಕಿದೆ. ಸೈಕಲ್ ಇಲ್ಲವಾದರೆ ಅವಳಿಗೆ ಇನ್ನೊಂದನ್ನು ಆ ಮನೆ ಕೊಡಿಸುವುದಿಲ್ಲ. ಅವಳು ಪಣಕ್ಕೆ ಹೂಡಿದ್ದು ತನ್ನ ಎಲ್ಲವನ್ನೂ.

ಭಾನುವಾರ ಅವಳು ಪಂಪು, ಪಂಕ್ಚರ್ ಪಟ್ಟಿಯ ಚೀಲ ಹಿಡಿದು ಬಸ್ಸಿನಲ್ಲಿ ಡೋಣಿಗೆ ಬಂದಳು. ನಾನು ನಸುಕಿನಲ್ಲೇ ಸೈಕಲ್ ತುಳಿದು ಹೋಗಿ ಕಾದಿದ್ದೆ. ನನ್ನ ಸೈಕಲ್ಲನ್ನು ತಳ್ಳಿಕೊಂಡು ಗುಡ್ಡದ ದಾರಿಯನ್ನು ನಡೆದೇ ಹತ್ತಿದೆವು. ಒಂದು ತಿರುವಿನಲ್ಲಿ ಅವಳು ನಿಂತು, ಅತ್ತಿತ್ತ ನೋಡಿ, “ಇಲ್ಲೇ ಅನಸ್ತೈತಿ” ಎಂದಳು. ಅವಳು ಕಂಟಿಗಳನ್ನು ಸರಿಸಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಮೇಲಿನ ಯಂತ್ರಗಳ ಹೂಂಕಾರವೊಂದೇ ಕೇಳುತ್ತಿತ್ತು. ನಾನು ಅವಳನ್ನು ಕೂಗಲೂ ಹೆದರಿದೆ.

ಆಮೇಲೆ ಹಸಿರಿನೊಳಗಿನಿಂದ ಸೈಕಲ್ಲಿನ ಗಂಟೆ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು.

ಸರಪಳಿಗೆ ತುಕ್ಕು ಹತ್ತಿತ್ತು, ಅಷ್ಟೆ. ರಸ್ತೆಬದಿಯಲ್ಲಿ ಕುಳಿತು ಟ್ಯೂಬಿಗೆ ಪಟ್ಟಿ ಅಂಟಿಸಿ ಗಾಳಿ ತುಂಬಿದಳು. ಹೆಲ್ಮೆಟ್ ಹಾಕಿಕೊಂಡು, ಸೀಟಿನ ಮೇಲೆ ಕೈಯಿಟ್ಟು, ನನ್ನನ್ನು ನೋಡಿ ಕೇಳಿದಳು:

“ಅಕ್ಕಾರ, ಈ ಸಲ ಏನ್ ಬಿಟ್ಟು ಹೋಗೂಣ್ರಿ?”

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಮನೆಯಿಂದ ಹೊರಬರಲು ಒಬ್ಬ ಹೆಂಗಸು ವಾರಕ್ಕೊಂದು ವಸ್ತುವನ್ನು ಗುಡ್ಡದಲ್ಲಿ ಬಚ್ಚಿಡಬೇಕಾದ ವ್ಯವಸ್ಥೆಗೆ ಹೆಸರಿದೆ, ಅದನ್ನು ಮುಂದಿನ ಸಭೆಯಲ್ಲಿ ಹೇಳುತ್ತೇನೆ. ಆದರೆ ಸೂರ್ಯ ಮೇಲೇರುತ್ತಿದ್ದ, ಎಡೆಯ ಹೊತ್ತು ಹತ್ತಿರವಾಗುತ್ತಿತ್ತು. ನಾನು ಅವಳ ಕೈಯಿಂದ ಪಂಪನ್ನು ತೆಗೆದುಕೊಂಡು, ಆ ಕಂಟಿಯೊಳಗೇ ಬಗ್ಗಿ, ಮಳೆ ತಾಗದ ಒಂದು ಕಲ್ಲಿನಡಿ ಇಟ್ಟು ಬಂದೆ.