ಹಿಂದಾಗಿ ಇಳಿಯುವ ರೊಸಾಲಿನ್ ಟೀಚರ್

ಜೆಪ್ಪುವಿಗೆ ಬಾಡಿಗೆಗೆ ಬಂದ ಮೊದಲ ವಾರ, ನಮ್ಮ ಇಳಿಜಾರು ರಸ್ತೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿದು ಬರುತ್ತಿದ್ದರು. ಕಣ್ಣು ನೆಲದ ಮೇಲೆ. ಕಿವಿಯ ಬೆಂಡೋಲೆ ಬಿದ್ದುಹೋಗಿರಬೇಕು ಎಂದುಕೊಂಡ ನಾನು, ಇಸ್ತ್ರಿ ಹಾಕಿದ ಶರ್ಟಿನಲ್ಲೇ ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹುಡುಕತೊಡಗಿದೆ. ಅವರು ನಿಂತು ನೋಡಿದರು.

"ಎಂತ ಕಳೆದುಹೋಯ್ತು ನಿಂದು?"

ಬ್ರೋಕರನ ಮೂಲಕ ಕೋಣೆ ಹಿಡಿದಿದ್ದ ನನಗೆ, ಮನೆಯ ಒಡತಿ ಅವರೇ ಎಂದು ಗೊತ್ತಾದದ್ದು ಆ ಸಂಜೆ.

ರೊಸಾಲಿನ್ ಟೀಚರ್ ಗಣಿತದವರು. ಕರಿಹಲಗೆಯ ಮುಂದೆ ನಿಂತು ನಿಂತು ಮೊಣಕಾಲು ಸವೆದಿತ್ತು. ಡಾಕ್ಟರು ಹೇಳಿದ ವ್ಯಾಯಾಮವನ್ನು ಒಂದಿಡೀ ಮಳೆಗಾಲ ಮಾಡಿದರೂ ಗುಣ ಕಾಣಲಿಲ್ಲವಂತೆ. ಒಂದು ದಿನ ಖಾಲಿ ಗ್ಯಾಸ್ ಸಿಲಿಂಡರನ್ನು ಎಳೆಯುತ್ತ ಹಿಂದಾಗಿ ಇಳಿಯುವಾಗ ಮೊಣಕಾಲು ಸುಮ್ಮನಿದ್ದುದು ಗಮನಕ್ಕೆ ಬಂತು. ಮರುದಿನ ಸಿಲಿಂಡರ್ ಇಲ್ಲದೆ ಇಳಿದು ನೋಡಿದರು, ಆಮೇಲೆ ಮುಂದಾಗಿ ಇಳಿದು ನೋಡಿದರು, ಮತ್ತೆ ಹಿಂದಾಗಿ. ಅಲ್ಲಿಗೆ ತೀರ್ಮಾನವಾಯಿತು. ಈಗ ಪೂಜೆಗೆಂದು ಚರ್ಚಿಗೆ ಹೊರಟಾಗಲೂ ಇಳಿಜಾರು ಮುಗಿಯುವವರೆಗೆ ಹಾಗೆಯೇ. ರಿಕ್ಷಾದವರು ಹಾರ್ನ್ ಹಾಕುತ್ತಾರೆ, ಟೀಚರ್ ಕೈಸನ್ನೆಯಲ್ಲೇ ಅವರನ್ನು ದಾಟಿಸಿ ಕಳಿಸುತ್ತಾರೆ.

ಊಟದ ವಿಷಯದಲ್ಲೂ ಇದೇ ಲೆಕ್ಕ. ಒಂದನ್ನು ಬಿಟ್ಟು ನೋಡುವುದು, ಮತ್ತೆ ತಿಂದು ನೋಡುವುದು. ಹೀಗೆಯೇ ಒಣಮೀನು, ಉಪ್ಪಿನಕಾಯಿ ಬಿಟ್ಟು, ಕೊನೆಗೆ ಪ್ರೆಷರಿನ ಮಾತ್ರೆಯನ್ನೂ ಬಿಟ್ಟವರು ಅವರು. ಯಾವಾಗ ನೋಡಿಸಿದರೂ ಪ್ರೆಷರ್ ಸರಿಯಾಗಿಯೇ ಇರುತ್ತದೆ.

ನನಗೆ ಬೇಕಾದದ್ದು ಇದೇ. ನಾನು ಕಾರು ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗಳ ದೂರು ಕೇಳುವ ಮೇಜಿನವನು. ಇನ್ನೊಬ್ಬರ ಕಾರಿನ ಸದ್ದಿಗೆ ಬೈಸಿಕೊಳ್ಳುವುದಕ್ಕೇ ಸಂಬಳ. ಕಂಪೆನಿಯ ತಪಾಸಣೆಯಲ್ಲಿ ನನ್ನ ಪ್ರೆಷರ್ ಹೆಚ್ಚು ಬಂದು, ಡಾಕ್ಟರು ಮಾತ್ರೆ ಬರೆದಿದ್ದರು. ಮೀಸೆ ಸರಿಯಾಗಿ ದಟ್ಟವಾಗುವ ಮೊದಲೇ ಮಾತ್ರೆಯೇ? ಮಾತ್ರೆಯ ಪಟ್ಟಿ ಒಡೆಯದೆ ಬ್ಯಾಗಿನಲ್ಲಿತ್ತು, ನಾನು ಫೋನಿನಲ್ಲಿದ್ದೆ. ಒಂದು ಸಂಶೋಧನೆಗೆ ಉಪ್ಪು ವಿಷ, ಇನ್ನೊಂದಕ್ಕೆ ಅಷ್ಟೇನಲ್ಲ. ಕಾಫಿ ಬೆಳಿಗ್ಗೆ ಹೃದಯದ ಗೆಳೆಯ, ಮಧ್ಯಾಹ್ನಕ್ಕೆ ವೈರಿ. ನಿದ್ದೆಗೆ ಅಂಕ ಕೊಡುವ ವಾಚು ಕಟ್ಟಿಕೊಂಡ ಮೇಲೆ, ಎಷ್ಟು ಅಂಕ ಬಂದೀತೋ ಎಂಬ ಚಿಂತೆಯಲ್ಲಿ ಇದ್ದ ನಿದ್ದೆಯೂ ಹೋಯಿತು. ತಲೆ ಭಾರ, ಕುತ್ತಿಗೆ ಬಿಗಿ, ಕೂತಲ್ಲಿ ಕೂರಲಾಗದು.

ಹಿಂದಾಗಿ ನಡೆಯುವುದು ಮೊಣಕಾಲಿಗೆ ಒಳ್ಳೆಯದು ಎನ್ನುವ ವಿಡಿಯೋ ಸಿಕ್ಕಿದ ದಿನ ಓಡಿಹೋಗಿ ತೋರಿಸಿದೆ. ಟೀಚರ್ ಬಟಾಣಿ ಸುಲಿಯುತ್ತಿದ್ದರು.

"ಅದರಲ್ಲಿ ನನ್ನ ಮೊಣಕಾಲು ಉಂಟಾ?"

ಮರುವಾರ ಅದು ಅಪಾಯ ಎನ್ನುವ ಇನ್ನೊಂದು ವಿಡಿಯೋ ತೋರಿಸಿದೆ. ಅದಕ್ಕೂ ಅದೇ ಪ್ರಶ್ನೆ, ಧ್ವನಿ ಕೂಡ ಬದಲಾಗಲಿಲ್ಲ.

ಇಷ್ಟು ಗಟ್ಟಿ ಹೆಂಗಸು ನನ್ನ ಮಾತ್ರೆಯ ಮಾತು ಬಂದರೆ ಮಾತ್ರ ಮೂಕಿ. ಮಾತ್ರೆ ಬೇಡ, ಉಪ್ಪಿನಕಾಯಿ ಬಿಟ್ಟರೆ ಸಾಕು ಎಂದು ಅವರ ಬಾಯಲ್ಲಿ ಹೇಳಿಸಬೇಕೆಂದು ನಾನು ಬಗೆಬಗೆಯಲ್ಲಿ ಸುತ್ತು ಹಾಕಿದೆ. ಡಾಕ್ಟರನ್ನು ಕೇಳು ಎನ್ನುತ್ತಿದ್ದರು, ಇಲ್ಲವೇ ಒಳಗೆ ಹೋಗಿ ಕುಕ್ಕರ್ ಇಡುತ್ತಿದ್ದರು.

ಮೊನ್ನೆ ಕೆಲಸದಲ್ಲಿ ಗಿರಾಕಿಯೊಬ್ಬರು ಕೂಗಾಡುತ್ತಿದ್ದಾಗ ಕಣ್ಣಿಗೆ ಕತ್ತಲೆ ಬಂದು ಮೇಜು ಹಿಡಿದುಕೊಂಡೆ. ಅರ್ಧ ದಿನ ರಜೆ ಹಾಕಿ ಬಂದವನು ನೇರ ಟೀಚರರ ಜಗಲಿಗೆ ಹೋದೆ. ಇವತ್ತು ಒಂದು ತೀರ್ಮಾನ ಆಗಲೇಬೇಕು. ಮಾತ್ರೆಯ ಪಟ್ಟಿಯನ್ನು ಅವರ ಮುಂದಿಟ್ಟು, ನೀವು ಬಿಟ್ಟು ಆರಾಮಾಗಿದ್ದೀರಲ್ಲ, ನಾನೂ ಬಿಡಲಾ ಎಂದೆ.

"ನನ್ನ ಮೈ ನನಗೆ ಗೊತ್ತು. ನಿಂದು ನನಗೆ ಹೇಗೆ ಗೊತ್ತಾಗೋದು, ನಂದನ?"

ನನಗೆ ಅಷ್ಟು ಸಾಲದು. ಒಬ್ಬರಿಗೆ ಆದದ್ದು ಆಕಸ್ಮಿಕ ಇರಬಹುದು, ಇಬ್ಬರಿಗೆ ಆದರೆ ಪುರಾವೆ ಎಂದು ಎಲ್ಲೋ ಓದಿದ್ದೆ. ಟೀಚರರ ಗಂಡ ಬಾಸಿಲ್, ನಾನು ಬರುವ ಎಷ್ಟೋ ಮೊದಲೇ ತೀರಿಕೊಂಡವರು. ಅವರಿಗೂ ಪ್ರೆಷರ್ ಇತ್ತೆಂದು ಪಕ್ಕದ ಮನೆಯ ಜಾನೆಟ್ ಆಂಟಿ ಹೇಳಿದ್ದರು. ಎರಡನೆಯ ಸಾಕ್ಷಿ ಸಿಕ್ಕಿತೆಂಬ ಹುರುಪಿನಲ್ಲಿ ಕೇಳಿಯೇಬಿಟ್ಟೆ.

"ಬಾಸಿಲ್ ಅಂಕಲ್ ಕೂಡ ಮಾತ್ರೆ ಬಿಟ್ಟಿದ್ರಾ ಟೀಚರ್?"

ಟೀಚರ್ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನಾನೇ ಬಿಡಿಸಿದ್ದು. ನನಗೆ ಆದದ್ದು ಅವರಿಗೂ ಆಗ್ತದೆ ಅಂತ. ಬಿಟ್ರು, ಸತ್ರು."